ಆಳಸಮುದ್ರದ ಹವಳ ಯಾವ ಪ್ರಭೇದದ್ದು? ಡಿಎನ್‌ಎ ಹಿಡಿದು ಪತ್ತೆ ಮಾಡುವ ಪೂರ್ತಿ ವಿಧಾನ

ಆಳಸಮುದ್ರದ ಹವಳದ ಒಂದು ತುಂಡು ಕೈಗೆ ಬಂದಿದೆ, ಅದಕ್ಕೊಂದು ಹೆಸರು ಬೇಕು. ಪ್ರಾಣಿಗಳ ಪ್ರಭೇದ ಗುರುತಿಸಲು ಬಳಸುವ ಸಿಒಐ ಜೀನ್ ಓದಿಸಿ, ಬ್ಲಾಸ್ಟ್‌ಗೆ (ಸರಣಿಯನ್ನು ಇರುವ ದಾಖಲೆಗಳ ಜೊತೆ ಹೋಲಿಸುವ ಹುಡುಕಾಟಕ್ಕೆ) ಹಾಕಿದರೆ ಆಯ್ತಲ್ವಾ ಅಂತ ಕೇಳುವವರೇ ಜಾಸ್ತಿ. ಮೀನಿಗಾದರೆ ಬಹುಮಟ್ಟಿಗೆ ಆಗುತ್ತದೆ. ಚಿಟ್ಟೆಗೂ ಆಗುತ್ತದೆ. ಹವಳಕ್ಕೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಸಿಒಐ ಇರುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿ. ಹವಳಗಳಲ್ಲಿ ಅದರ ಡಿಎನ್‌ಎ ತುಂಬಾ ನಿಧಾನವಾಗಿ ಬದಲಾಗುತ್ತದೆ, ಎಷ್ಟೋ ಸಲ ಒಂದೇ ಕುಲದ ಎರಡು ಪ್ರಭೇದಗಳ ಸಿಒಐ ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತದೆ. ಶೇ. 100 ಹೊಂದಿಕೆ ಬಂತು ಅಂತ ಖುಷಿಯಾಗಿ ಹೆಸರು ಬರೆದುಬಿಟ್ಟರೆ, ಅದೇ ಹೊಂದಿಕೆ ಪಕ್ಕದ ಇನ್ನೊಂದು ಪ್ರಭೇದಕ್ಕೂ ಇರಬಹುದು.

ಹಾಗಾಗಿ ಹಡಗಿನ ಮೇಲಿಂದ ಹಿಡಿದು ದತ್ತಾಂಶ ಸಲ್ಲಿಸುವವರೆಗೆ ಪೂರ್ತಿ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಮೆಕ್ಸಿಕೋ ಕೊಲ್ಲಿಯ ಪ್ಯಾರಾಮ್ಯೂರಿಸಿಯಾ ಅನ್ನುವ ಕಡಲ ಬೀಸಣಿಗೆಯನ್ನು ಇಟ್ಟುಕೊಳ್ಳೋಣ. ಅದಕ್ಕೆ ಕಾರಣ ಇದೆ. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಜನ ಸತ್ತರು. ಸುಮಾರು 1,500 ಮೀಟರ್ ಆಳದಲ್ಲಿದ್ದ ಬಾವಿಯಿಂದ ತಿಂಗಳುಗಟ್ಟಲೆ ಎಣ್ಣೆ ಸೋರಿತು. ಅದೇ ವರ್ಷದ ನವೆಂಬರ್‌ನಲ್ಲಿ, ಬಾವಿಯಿಂದ ಸುಮಾರು 11 ಕಿಲೋಮೀಟರ್ ದೂರದಲ್ಲಿ, 1,370 ಮೀಟರ್ ಆಳದಲ್ಲಿ, ಕಂದು ಬಣ್ಣದ ಕೊಳೆ ಮೆತ್ತಿಕೊಂಡ ಹವಳಗಳು ಸಿಕ್ಕವು. ಅಲ್ಲಿ ಮುಖ್ಯವಾಗಿ ಪೆಟ್ಟು ತಿಂದದ್ದು ಪ್ಯಾರಾಮ್ಯೂರಿಸಿಯಾ ಬಿಸ್ಕಾಯಾ. 1977ರಲ್ಲಿ ಈ ಪ್ರಭೇದವನ್ನು ಮೊದಲು ವರ್ಣಿಸಿದ್ದು ಅಟ್ಲಾಂಟಿಕ್‌ನ ಆಚೆ ದಡದ ಬಿಸ್ಕೇ ಕೊಲ್ಲಿಯಿಂದ. ಇದರ ಹತ್ತಿರದ ನೆಂಟನೊಂದು ಮೆಕ್ಸಿಕೋ ಕೊಲ್ಲಿಯಲ್ಲೇ ಇದೆ. ಅದಕ್ಕಿನ್ನೂ ಸರಿಯಾದ ಹೆಸರಿಲ್ಲ, ಬಿ3 ಅಂತ ಸಂಕೇತದಲ್ಲಿ ಕರೆಯುತ್ತಾ ಬಂದಿದ್ದಾರೆ, ಅದು ಸಿಗುವುದು ಸ್ವಲ್ಪ ಕಡಿಮೆ ಆಳದಲ್ಲಿ. ಸತ್ತದ್ದು ಯಾವುದು, ಅದರ ಸಂತತಿ ಬೇರೆಲ್ಲಿ ಉಳಿದಿದೆ, ಅಲ್ಲಿಂದ ಮರಿಗಳು ತೇಲಿಬರಬಹುದಾ ಅಂತ ಕೇಳುವ ಮೊದಲು ಇವೆರಡನ್ನು ಬೇರೆ ಮಾಡಲೇಬೇಕು.

ಶುರು ಮಾಡುವ ಮುನ್ನ: ಎಂಟೋ, ಆರೋ?

ಯಾವ ಜೀನ್ ಓದಿಸಬೇಕು ಅನ್ನುವುದು ಹವಳದ ಗುಂಪಿನ ಮೇಲೆ ಹೋಗುತ್ತದೆ. ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಒಂದು ಪಾಲಿಪ್ (ಹವಳದ ಒಂದೊಂದು ಪುಟ್ಟ ಜೀವಿ) ಇಟ್ಟು ಅದರ ಬಾಯಿಯ ಸುತ್ತಲಿನ ಕರಬಳ್ಳಿ ಎಣಿಸಿ. ಎಂಟು ಕರಬಳ್ಳಿ ಇದ್ದು, ಒಂದೊಂದರ ಎರಡೂ ಪಕ್ಕಕ್ಕೆ ಗರಿಯ ಹಾಗೆ ಸಣ್ಣ ಕವಲು ಇದ್ದರೆ ಅದು ಆಕ್ಟೋಕೋರಲ್. ಕಡಲ ಬೀಸಣಿಗೆ, ಬಿದಿರು ಹವಳ, ಬಬಲ್‌ಗಮ್ ಹವಳ ಎಲ್ಲ ಇದೇ ಗುಂಪು. ಇವಕ್ಕೆ ಮೈಟೋಕಾಂಡ್ರಿಯಾದ ಮಟ್‌ಎಸ್ ಜೀನ್, ಸಿಒಐ ಮತ್ತು ಅದರ ಹಿಂದಿರುವ ಐಜಿಆರ್1 ಎಂಬ ಖಾಲಿ ಜಾಗ, ಜೊತೆಗೆ ನ್ಯೂಕ್ಲಿಯಸ್‌ನ 28ಎಸ್ ಎಂಬ ಜೀನ್, ಈ ಮೂರೂ ಬೇಕು. ಕರಬಳ್ಳಿ ಆರೇ ಇದ್ದು, ಒಳಗಿನ ಕಪ್ಪು ಅಸ್ಥಿಯ ಮೇಲೆ ಸಣ್ಣ ಸಣ್ಣ ಮುಳ್ಳಿದ್ದರೆ ಕಪ್ಪು ಹವಳ. ಅದರಲ್ಲಿ ಮೈಟೋಕಾಂಡ್ರಿಯಾದ ಜೀನ್‌ಗಳ ನಡುವಿನ ಖಾಲಿ ಜಾಗಗಳು, ಮುಖ್ಯವಾಗಿ ಎನ್‌ಎಡಿ5 ಮತ್ತು ಎನ್‌ಎಡಿ1 ನಡುವಿನದು, ಜೀನ್‌ಗಳಿಗಿಂತ ಹೆಚ್ಚು ಮಾಹಿತಿ ಕೊಡುತ್ತವೆ. ಸುಣ್ಣದ ಗಟ್ಟಿ ಅಸ್ಥಿ ಇರುವ ಕಲ್ಲು ಹವಳವಾದರೆ 16ಎಸ್, 28ಎಸ್, ಐಟಿಎಸ್ ಎಂಬ ಡಿಎನ್‌ಎ ಭಾಗಗಳನ್ನು ನೋಡುತ್ತಾರೆ.

ಕಲ್ಲು ಹವಳದಲ್ಲಿ ಡಿಎನ್‌ಎ ಎಂಥ ತಲೆಕೆಳಗು ಮಾಡಬಲ್ಲದು ಅನ್ನುವುದಕ್ಕೆ ಲೋಫೀಲಿಯಾ ಪರ್ಟೂಸಾ ಸಾಕ್ಷಿ. 1758ರಲ್ಲಿ ಲಿನೇಯಸ್ ವರ್ಣಿಸಿದ, ಉತ್ತರ ಅಟ್ಲಾಂಟಿಕ್‌ನ ತಣ್ಣೀರಲ್ಲಿ ದೊಡ್ಡ ದಿಬ್ಬಗಳನ್ನೇ ಕಟ್ಟುವ ಹವಳ ಅದು. ಒಂಟಿಯಾಗಿ ಬೆಳೆಯುವ ಡೆಸ್ಮೋಫಿಲಮ್‌ಗೂ ಇದಕ್ಕೂ ನೋಟದಲ್ಲಿ ಅಷ್ಟಾಗಿ ಹೋಲಿಕೆಯೇ ಇಲ್ಲ. ಆದರೆ ಡಿಎನ್‌ಎ ಎಷ್ಟು ಹತ್ತಿರ ಬಂತೆಂದರೆ 2016ರಲ್ಲಿ ಅದನ್ನು ಡೆಸ್ಮೋಫಿಲಮ್ ಪರ್ಟೂಸಮ್ ಅಂತ ಬದಲಾಯಿಸಿದರು. ಹಳೆಯ ಲೇಖನ ಹುಡುಕುವಾಗ ಎರಡೂ ಹೆಸರು ಹಾಕಿ ಹುಡುಕಿ.

ಹಂತ 1: ಮಾದರಿ, ಮತ್ತು ಅದಕ್ಕೂ ಮೊದಲು ಅನುಮತಿ

ಕಡಲ ತಳದಲ್ಲಿ ಹವಳ ಕಿತ್ತುಕೊಳ್ಳಲು ಬಹಳಷ್ಟು ದೇಶಗಳಲ್ಲಿ ಸುಮ್ನೆ ಬಿಡುವುದಿಲ್ಲ. ಕಪ್ಪು ಹವಳ ಮತ್ತು ಕಲ್ಲು ಹವಳ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಅಂದರೆ ದೇಶದಿಂದ ದೇಶಕ್ಕೆ ಸಣ್ಣ ಟ್ಯೂಬ್ ಕಳಿಸಲೂ ಕಾಗದಪತ್ರ ಬೇಕು. ಭಾರತದಲ್ಲಿ 2001ರಲ್ಲೇ ಕಲ್ಲು ಹವಳ, ಕಪ್ಪು ಹವಳ, ಕಡಲ ಬೀಸಣಿಗೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದರು. ನಮ್ಮಲ್ಲಿ "ಇಂದ್ರಜಾಲ" ಅಂತ ಹೇಳಿ, ಮನೆಗೆ ದೃಷ್ಟಿ ತಾಗದ ಬೇರು ಅಂತ ಚೌಕಟ್ಟು ಹಾಕಿ ಮಾರುತ್ತಾರಲ್ಲ, ಅದು ಬೇರೂ ಅಲ್ಲ ಗಿಡವೂ ಅಲ್ಲ, ಒಣಗಿಸಿದ ಕಡಲ ಬೀಸಣಿಗೆ ಇಲ್ಲವೇ ಕಪ್ಪು ಹವಳ. ಗೋಡೆಗೆ ನೇತುಹಾಕಿದವರಿಗೆ ಅದು ಹುಲಿಗೆ ಇರುವ ಕಾಯ್ದೆಯಡಿಯೇ ಬರುತ್ತದೆ ಅಂತ ಗೊತ್ತೇ ಇರುವುದಿಲ್ಲ.

ಆಳದಲ್ಲಿ ಮಾದರಿ ತೆಗೆಯುವುದು ಆರ್‌ಒವಿ, ಅಂದರೆ ಹಡಗಿನಿಂದ ಕೇಬಲ್ ಕಟ್ಟಿ ಇಳಿಸುವ ರೋಬಾಟ್. ಕತ್ತರಿಸುವ ಮೊದಲು ಫೋಟೋ ತೆಗೆಯಿರಿ. ಗಾತ್ರ ಗೊತ್ತಾಗಲು ಎರಡು ಲೇಸರ್ ಚುಕ್ಕೆಗಳು ಹವಳದ ಮೇಲೆ ಬೀಳುವಂತೆ ಇಡಿ. ಆಳ, ಉಷ್ಣತೆ, ಅಕ್ಷಾಂಶ, ರೇಖಾಂಶ ಆಗಲೇ ಬರೆದುಕೊಳ್ಳಿ. ಇಡೀ ಗಿಡ ಕೀಳುವುದು ಬೇಡ, ತುದಿಯ ಕೆಲವು ಸೆಂಟಿಮೀಟರ್ ಕವಲು ಸಾಕು. ನೂರಾರು ವರ್ಷ ಬದುಕುವ ಜೀವಿಗಳು ಇವು. ಹವಾಯಿಯ ಹತ್ತಿರ ಸಿಕ್ಕ ಲಿಯೋಪ್ಯಾಥಿಸ್ ಎಂಬ ಕಪ್ಪು ಹವಳದ ವಯಸ್ಸು ಕಾರ್ಬನ್ ಲೆಕ್ಕದಲ್ಲಿ ಸುಮಾರು 4,265 ವರ್ಷ ಬಂದಿತ್ತು.

ಮೇಲೆ ಬರುವಾಗ ನೀರು ಬೆಚ್ಚಗಾಗುತ್ತಾ ಹೋಗುತ್ತದೆ, ಹಾಗಾಗಿ ಮುಚ್ಚಳವಿರುವ, ಶಾಖ ತಡೆಯುವ ಪೆಟ್ಟಿಗೆಯಲ್ಲೇ ತರಬೇಕು. ಡೆಕ್ ಮೇಲೆ ಬಂದ ತಕ್ಷಣ 4 ಡಿಗ್ರಿಯ ತಣ್ಣನೆ ಕಡಲ ನೀರಿಗೆ ಹಾಕಿ, ಇನ್ನೊಂದು ಫೋಟೋ ತೆಗೆದು, ತುಂಡು ಮಾಡಿ ಹಂಚಿ:

- ಡಿಎನ್‌ಎಗೆ: ಶೇ. 95ಕ್ಕಿಂತ ಹೆಚ್ಚಿನ ಎಥನಾಲ್‌ನಲ್ಲಿ. ಹವಳದಲ್ಲಿ ನೀರಿನಂಶ ಜಾಸ್ತಿ, ಅದು ಎಥನಾಲನ್ನು ತೆಳು ಮಾಡುತ್ತದೆ. ಮಾರನೇ ದಿನ ಎಥನಾಲ್ ಬದಲಾಯಿಸಲೇಬೇಕು.
- ಆಕಾರ ನೋಡಲು: ಪಾಲಿಪ್‌ಗಳಿರುವ ಒಂದು ಕವಲು ಶೇ. 70 ಎಥನಾಲ್‌ನಲ್ಲಿ, ಇನ್ನೊಂದು ಒಣಗಿಸಿ.
- ಮುಂದೆ ದೊಡ್ಡ ಮಟ್ಟದ ಜೀನೋಮ್ ಕೆಲಸ ಇದ್ದರೆ: ಮೈನಸ್ 80ರಲ್ಲಿ ಒಂದು ತುಂಡು.

ಫಾರ್ಮಲಿನ್ ಹತ್ತಿರ ಸುಳಿಯಬೇಡಿ. ಅದು ಡಿಎನ್‌ಎಯನ್ನು ಹಾಳು ಮಾಡುತ್ತದೆ, ಆಮ್ಲೀಯವಾದರೆ ಒಳಗಿನ ಸುಣ್ಣದ ಕಣಗಳನ್ನೂ ಕರಗಿಸಿಬಿಡುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು ಒಂದು ಹನಿ ಎಥನಾಲ್ ಬಿದ್ದರೆ ಅಳಿಸಿಹೋಗುತ್ತದೆ.

ಹಂತ 2: ಡಿಎನ್‌ಎ ತೆಗೆಯುವುದು

ಮೊದಲ ಕೆಲಸ ಶುದ್ಧ ಮಾಡುವುದು. ಪ್ಯಾರಾಮ್ಯೂರಿಸಿಯಾ ಮೇಲೆ ಆಸ್ಟೆರೋಸ್ಕೀಮಾ ಎಂಬ ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ನೆಂಟ) ತನ್ನ ಉದ್ದನೆಯ ತೋಳುಗಳನ್ನು ಸುತ್ತಿಕೊಂಡು ಕೂತಿರುತ್ತದೆ. ಸತ್ತ ಕವಲುಗಳ ಮೇಲೆ ಹೈಡ್ರಾಯ್ಡ್ ಎಂಬ ಬೇರೆ ಪುಟ್ಟ ಜೀವಿ ಬೆಳೆದಿರುತ್ತದೆ. ಅದರ ಒಂದು ಎಳೆ ಟ್ಯೂಬಿಗೆ ಸೇರಿದರೂ ನೀವು ಓದುವುದು ಹವಳವನ್ನಲ್ಲ, ಅದರ ಬಾಡಿಗೆದಾರನನ್ನು. ಸೂಕ್ಷ್ಮದರ್ಶಕದ ಕೆಳಗೆ ಎರಡು ಮೂರು ಪಾಲಿಪ್‌ಗಳನ್ನು ಮಾತ್ರ ಚಿಮಟದಲ್ಲಿ ಬಿಡಿಸಿಕೊಳ್ಳಿ. ಎಥನಾಲ್ ಉಳಿದರೆ ಮುಂದೆ ತೊಂದರೆ, ಟಿಶ್ಯೂ ಕಾಗದದ ಮೇಲೆ ಒತ್ತಿ ಒಣಗಿಸಿ.

ಮಾರುಕಟ್ಟೆಯ ಸಾಮಾನ್ಯ ಟಿಶ್ಯೂ ಕಿಟ್‌ನಲ್ಲೇ ಆಗುತ್ತದೆ. ಪ್ರೋಟೀನ್ ಕರಗಿಸುವ ಪ್ರೋಟಿನೇಸ್ ಕೆ ಎಂಬ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಮಾಂಸ ಕರಗಿ ತಳದಲ್ಲಿ ಬಿಳಿ ಹುಡಿ ಉಳಿದಿರುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಅದನ್ನು ಕೆಳಕ್ಕೆ ಕೂರಿಸಿ, ಮೇಲಿನ ದ್ರವ ಮಾತ್ರ ಕಾಲಮ್‌ಗೆ ಹಾಕಿ, ಇಲ್ಲದಿದ್ದರೆ ಕಾಲಮ್ ಕಟ್ಟಿಕೊಳ್ಳುತ್ತದೆ. ಹವಳದ ಲೋಳೆ ದೊಡ್ಡ ಕಿರಿಕಿರಿ, ಅದರಲ್ಲಿರುವ ಸಕ್ಕರೆ ಅಣುಗಳು ಡಿಎನ್‌ಎ ಜೊತೆಗೇ ಬಂದು ಪಿಸಿಆರ್ (ಬೇಕಾದ ಡಿಎನ್‌ಎ ತುಣುಕನ್ನು ಅಸಂಖ್ಯ ಪ್ರತಿ ಮಾಡುವ ವಿಧಾನ) ನಿಲ್ಲಿಸಿಬಿಡುತ್ತವೆ. ಲೋಳೆ ಜಾಸ್ತಿ ಇರುವ ಪ್ರಭೇದಗಳಿಗೆ ಸಿಟಿಎಬಿ ಎಂಬ ರಾಸಾಯನಿಕ ಬಳಸುವ ಹಳೆಯ ವಿಧಾನವೇ ವಾಸಿ. ಪ್ರತಿ ಗುಂಪಿನ ಜೊತೆ ಹವಳ ಹಾಕದ ಒಂದು ಖಾಲಿ ಟ್ಯೂಬನ್ನೂ ಕೊನೆಯವರೆಗೆ ಒಯ್ಯಿರಿ. ಆ ಖಾಲಿ ಟ್ಯೂಬಿನಲ್ಲಿ ಮುಂದೆ ಪಿಸಿಆರ್‌ನಲ್ಲಿ ಬೆಳೆದ ಡಿಎನ್‌ಎಯ ಪಟ್ಟಿ (ಗೆರೆ) ಕಂಡರೆ ಆ ಇಡೀ ಗುಂಪನ್ನು ನಂಬಬೇಡಿ.

ಮಾಂಸವೇ ಇಲ್ಲದ ಒಣ ಅಸ್ಥಿಯಲ್ಲೂ ಸ್ವಲ್ಪ ಡಿಎನ್‌ಎ ಉಳಿದಿರುತ್ತದೆ. ಸ್ವಿಟ್ಜರ್‌ಲೆಂಡಿನ ರತ್ನ ಪರೀಕ್ಷಾ ಸಂಸ್ಥೆ ಮತ್ತು ಜ್ಯೂರಿಕ್‌ನ ವಿಧಿವಿಜ್ಞಾನ ಸಂಸ್ಥೆ ಸೇರಿ 2020ರಲ್ಲಿ, ಆಭರಣದ ಹವಳದಿಂದ ಕೆಲವೇ ಮಿಲಿಗ್ರಾಂ ಪುಡಿ ಕೆರೆದು ಪ್ರಭೇದ ಹೇಳಬಹುದು ಅಂತ ತೋರಿಸಿದರು. ಕುಜನಿಗೆ ಅಂತ ಉಂಗುರದಲ್ಲಿ ಹಾಕುವ ಕೆಂಪು ಹವಳ ಕೂಡ ಆಕ್ಟೋಕೋರಲ್ಲೇ.

ಹಂತ 3: ಪಿಸಿಆರ್

ಮಟ್‌ಎಸ್ ಯಾಕೆ? ಈ ಜೀನ್ ಪ್ರಾಣಿಗಳಲ್ಲಿ ಆಕ್ಟೋಕೋರಲ್‌ಗಳ ಮೈಟೋಕಾಂಡ್ರಿಯಾದಲ್ಲಿ ಮಾತ್ರ ಇದೆ. ಬ್ಯಾಕ್ಟೀರಿಯಾಗಳಲ್ಲಿ ಇದರ ಸೋದರ ಜೀನ್ ಡಿಎನ್‌ಎ ನಕಲಿನ ತಪ್ಪು ತಿದ್ದುವ ಕೆಲಸ ಮಾಡುತ್ತದೆ. ಆಕ್ಟೋಕೋರಲ್‌ಗಳ ಮೈಟೋಕಾಂಡ್ರಿಯಾ ನಿಧಾನವಾಗಿ ಬದಲಾಗುವುದಕ್ಕೆ ಇದೇ ಕಾರಣವಿರಬಹುದು ಅನ್ನುವ ವಾದವೂ ಇದೆ. ತಮಾಷೆ ಏನೆಂದರೆ, ಆ ಜೀನ್ ಮಾತ್ರ ಸಿಒಐಗಿಂತ ಬೇಗ ಬದಲಾಗುತ್ತದೆ. ಅದೇ ನಮಗೆ ಉಪಯೋಗ.

ಪ್ರೈಮರ್ ಅಂದರೆ ನಕಲು ಎಲ್ಲಿಂದ ಶುರುವಾಗಬೇಕು ಅಂತ ಗುರುತಿಸುವ ಸಣ್ಣ ಡಿಎನ್‌ಎ ತುಣುಕು. ಎಲ್ಲರೂ ಬಳಸುವ ಪ್ರೈಮರ್ ಜೋಡಿ ಎನ್‌ಡಿ4-2599ಎಫ್ ಮತ್ತು ಮಟ್-3458ಆರ್. 94 ಡಿಗ್ರಿಯಲ್ಲಿ ಶುರು, ಆಮೇಲೆ ಸುಮಾರು 35 ಸುತ್ತು: 94ರಲ್ಲಿ ಬಿಡಿಸು, 50ರ ಆಸುಪಾಸಿನಲ್ಲಿ ಪ್ರೈಮರ್ ಕೂರಿಸು, 72ರಲ್ಲಿ ಬೆಳೆಸು. ಡಿಎನ್‌ಎ ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಒಂದೇ ಒಂದು ಸ್ಪಷ್ಟ ಪಟ್ಟಿ ಬಂದರೆ ಮುಂದೆ ಹೋಗಿ. ಏನೂ ಬರಲಿಲ್ಲ ಅಂದರೆ ಡಿಎನ್‌ಎ ಜಾಸ್ತಿ ಹಾಕಬೇಡಿ, ಕಡಿಮೆ ಮಾಡಿ. ಹತ್ತು ಪಟ್ಟು ತೆಳು ಮಾಡಿದರೆ ಲೋಳೆಯ ಕಾಟವೂ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ, ಬಹಳ ಸಲ ಅಷ್ಟಕ್ಕೇ ಪಟ್ಟಿ ಕಾಣಿಸಿಕೊಳ್ಳುತ್ತದೆ. ಸ್ಯಾಂಗರ್ ಎಂಬ ಡಿಎನ್‌ಎ ಓದುವ ವಿಧಾನದಲ್ಲಿ ಎರಡೂ ದಿಕ್ಕಿನಿಂದ ಓದಿಸಿ. ಒಂದೇ ದಿಕ್ಕು ಓದಿಸಿ ದುಡ್ಡು ಉಳಿಸುವುದು ಇಲ್ಲಿ ಸರಿಯಲ್ಲ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 4: ಅಕ್ಷರಗಳನ್ನು ಕಣ್ಣಾರೆ ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ, ಎಲ್ಲರೂ ಹಾರಿಸಿಕೊಂಡು ಹೋಗುವುದೂ ಇದನ್ನೇ. ಲೆಕ್ಕ ನೋಡಿ. ಆಕ್ಟೋಕೋರಲ್‌ಗಳಲ್ಲಿ ಮಟ್‌ಎಸ್, ಐಜಿಆರ್1, ಸಿಒಐ ಸೇರಿಸಿ ನೋಡಿದಾಗ ಶೇ. 0.5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಪ್ರಭೇದ ಇರಬಹುದು ಅನ್ನುವುದು ರೂಢಿಯ ಅಳತೆ. 700 ಅಕ್ಷರದ ತುಣುಕಿನಲ್ಲಿ ಶೇ. 0.5 ಅಂದರೆ ಮೂರೂವರೆ ಅಕ್ಷರ. ಅಂದರೆ ಯಂತ್ರ ಎರಡು ಅಕ್ಷರ ತಪ್ಪಾಗಿ ಓದಿದರೂ ನಿಮ್ಮ ತೀರ್ಮಾನ ಅಲ್ಲಾಡುತ್ತದೆ. ಮೀನಿನ ಕೆಲಸದಲ್ಲಿ ಇಷ್ಟು ತಪ್ಪು ಹೊಟ್ಟೆಗೆ ಹಾಕಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ.

ಹಾಗಾಗಿ ಕ್ರೊಮ್ಯಾಟೋಗ್ರಾಮ್, ಅಂದರೆ ಓದಿದ ಒಂದೊಂದು ಅಕ್ಷರವನ್ನೂ ಒಂದೊಂದು ಗುಡ್ಡವಾಗಿ ತೋರಿಸುವ ಚಿತ್ರ, ತೆರೆಯಿರಿ. ಯುಜೀನ್ ಥರದ ಉಚಿತ ತಂತ್ರಾಂಶ ಸಾಕು. ಮೊದಲ 30-40 ಅಕ್ಷರ ಯಾವಾಗಲೂ ಗಜಿಬಿಜಿ, ಕತ್ತರಿಸಿ. ಕೊನೆಯಲ್ಲಿ ಗುಡ್ಡಗಳು ಅಗಲವಾಗಿ ಒಂದರ ಮೇಲೊಂದು ಬೀಳುವ ಕಡೆಯೂ ಕತ್ತರಿಸಿ. ಉಳಿದದ್ದರಲ್ಲಿ ಎರಡು ದಿಕ್ಕಿನ ಓದನ್ನು ಜೋಡಿಸಿ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಂತು ನೋಡಿ. ಒಂದು ದಿಕ್ಕಿನ ಓದಿನಲ್ಲಿ ಎ ಗುಡ್ಡ ಎತ್ತರವಾಗಿ, ಒಂಟಿಯಾಗಿ ಇದೆ, ಇನ್ನೊಂದು ದಿಕ್ಕಿನ ಓದಿನಲ್ಲಿ ಅದೇ ಜಾಗ ತುದಿಗೆ ಬಂದು ಮಸುಕಾಗಿದೆ ಅಂದರೆ ಎ ಅಂತ ಒಪ್ಪಿಕೊಳ್ಳಿ. ಎರಡೂ ಮಸುಕಾಗಿದ್ದರೆ ಎನ್ (ಅಕ್ಷರ ಗೊತ್ತಿಲ್ಲ) ಅಂತ ಹಾಕಿ ಅಥವಾ ಮತ್ತೆ ಓದಿಸಿ. ಊಹೆ ಮಾಡಬೇಡಿ. 28ಎಸ್‌ನಲ್ಲಿ ಒಂದೇ ಜಾಗದಲ್ಲಿ ಎರಡು ಸಮನಾದ ಗುಡ್ಡ ಕಂಡರೆ ಅದು ಓದಿನ ತಪ್ಪೇ ಆಗಬೇಕಿಲ್ಲ. ಆ ಜೀನ್‌ನ ನೂರಾರು ಪ್ರತಿಗಳಿರುತ್ತವೆ, ಎರಡು ಬಗೆ ನಿಜವಾಗಿಯೂ ಇರಬಹುದು. ಎರಡನ್ನೂ ಸೂಚಿಸುವ ಸಂಕೇತಾಕ್ಷರ ಹಾಕಿ ಬಿಡಿ.

ಇನ್ನೊಂದು ಪರೀಕ್ಷೆ: ಮಟ್‌ಎಸ್ ಮತ್ತು ಸಿಒಐ ಎರಡೂ ಪ್ರೋಟೀನ್ ಮಾಡುವ ಜೀನ್‌ಗಳು, ಅವನ್ನು ಅಮೈನೋ ಆಮ್ಲಕ್ಕೆ ಅನುವಾದಿಸಿ ನೋಡಿ. ಇಲ್ಲಿ ಜೆನೆಟಿಕ್ ಕೋಡ್ 4 ಆರಿಸಿಕೊಳ್ಳಬೇಕು. ಸಾಮಾನ್ಯ ಕೋಡ್‌ನಲ್ಲಿ ಟಿಜಿಎ ಅಂದರೆ "ನಿಲ್ಲು", ಹವಳದ ಮೈಟೋಕಾಂಡ್ರಿಯಾದಲ್ಲಿ ಅದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ. ಕೋಡ್ ಬದಲಾಯಿಸದೆ ನಡುನಡುವೆ ನಿಲುಗಡೆ ಬಂತು ಅಂತ ಗಾಬರಿಯಾಗಿ ಮಾದರಿಯನ್ನೇ ಬಿಸಾಡಿದರೆ ನಷ್ಟ ನಿಮ್ಮದೇ. ಸರಿಯಾದ ಕೋಡ್‌ನಲ್ಲೂ ನಿಲುಗಡೆ ಬಂದರೆ ಮಾತ್ರ ಮತ್ತೆ ಕ್ರೊಮ್ಯಾಟೋಗ್ರಾಮ್‌ಗೆ ಹೋಗಿ. ಅಕ್ಷರ ಸೇರಿದ್ದು, ಬಿಟ್ಟದ್ದು ಇದ್ದರೆ ಅದು ಸಾಮಾನ್ಯವಾಗಿ ಮೂರರ ಲೆಕ್ಕದಲ್ಲಿ ಇರಬೇಕು.

ಹಂತ 5: ಬ್ಲಾಸ್ಟ್, ಅರ್ಧ ನಂಬಿಕೆಯಿಂದ

ಈಗ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಭಂಡಾರದಲ್ಲಿ ಬ್ಲಾಸ್ಟ್ ಮಾಡಿ. ಮೊದಲ ಸಾಲಿನ ಹೆಸರು ನೋಡಿ ಕಿಟಕಿ ಮುಚ್ಚಬೇಡಿ. ಮೊದಲ 20 ಸಾಲಾದರೂ ನೋಡಿ. ಹೊಂದಿಕೆ ಶೇಕಡಾ ಎಷ್ಟು ಅನ್ನುವಷ್ಟೇ, ನಿಮ್ಮ ತುಣುಕಿನ ಎಷ್ಟು ಭಾಗ ಹೊಂದಿತು ಅನ್ನುವುದೂ ಮುಖ್ಯ. ಅರ್ಧ ತುಣುಕು ಶೇ. 100 ಹೊಂದಿದರೆ ಅದಕ್ಕೆ ಬೆಲೆ ಇಲ್ಲ. ಒಂದೇ ಹೊಂದಿಕೆಯಲ್ಲಿ ಮೂರು ಪ್ರಭೇದದ ಹೆಸರು ಬಂದರೆ ನಿಮಗೆ ಸಿಕ್ಕಿದ್ದು ಕುಲ ಮಾತ್ರ.

ಆ ಹೆಸರು ಯಾರು ಕೊಟ್ಟಿದ್ದು ಅನ್ನುವುದನ್ನೂ ನೋಡಿ. ದಾಖಲೆ ತೆರೆದು ಮ್ಯೂಸಿಯಂ ಮಾದರಿ ಸಂಖ್ಯೆ ಇದೆಯಾ ಹುಡುಕಿ. ಯುಎಸ್‌ಎನ್‌ಎಂ ಅಂತ ಶುರುವಾದರೆ ಅದು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನ ಸಂಗ್ರಹದಲ್ಲಿರುವ ಮಾದರಿ, ಯಾರು ಬೇಕಾದರೂ ಹೋಗಿ ಮತ್ತೆ ಪರೀಕ್ಷಿಸಬಹುದು. ಸಂಖ್ಯೆಯೇ ಇಲ್ಲದ ದಾಖಲೆಯ ಹೆಸರನ್ನು ಗಾಳಿಮಾತು ಅಂತಲೇ ತಿಳಿಯಿರಿ. ಮೇಲಿನ ವರ್ಗಗಳ ಹೆಸರೂ ಹಳೆಯದಿರಬಹುದು. 2022ರಲ್ಲಿ ಆಕ್ಟೋಕೋರಲ್‌ಗಳ ವರ್ಗೀಕರಣವನ್ನೇ ಡಿಎನ್‌ಎ ಆಧಾರದ ಮೇಲೆ ಹೊಸದಾಗಿ ಮಾಡಿ, ಸ್ಕ್ಲೆರಾಲ್ಸಿಯೊನೇಸಿಯಾ ಮತ್ತು ಮಲಕಾಲ್ಸಿಯೊನೇಸಿಯಾ ಅಂತ ಎರಡೇ ಗಣ ಉಳಿಸಿದರು. ಈಗಿನ ಸರಿಯಾದ ಹೆಸರಿಗೆ ವರ್ಮ್ಸ್ ಎಂಬ ಕಡಲಜೀವಿಗಳ ಪಟ್ಟಿ ನೋಡುವುದು ಸುಲಭ.

ಹಂತ 6: ವಂಶವೃಕ್ಷ

ಹತ್ತಿರದ ಪ್ರಭೇದಗಳ ಸರಣಿಗಳನ್ನೆಲ್ಲ ಇಳಿಸಿಕೊಂಡು ಮಾಫ್ಟ್ ಎಂಬ ತಂತ್ರಾಂಶದಲ್ಲಿ ಸಾಲಾಗಿ ಹೊಂದಿಸಿ, ಐಕ್ಯೂ-ಟ್ರೀಯಲ್ಲಿ ಮರ ಕಟ್ಟಿ. ಸ್ವಲ್ಪ ದೂರದ ಒಂದು ಕುಲವನ್ನು ಹೊರಗುಂಪಾಗಿ ಸೇರಿಸಿ. ಕವಲಿನ ಮೇಲೆ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ಆ ಕವಲು ಎಷ್ಟು ಗಟ್ಟಿ ಅಂತ ತೋರಿಸುವ ಅಂಕ) 95ಕ್ಕಿಂತ ಕೆಳಗಿದ್ದರೆ ಆ ಕವಲನ್ನು ನೆಚ್ಚಿಕೊಂಡು ಮಾತಾಡಬೇಡಿ. ವ್ಯತ್ಯಾಸ ಎರಡು ಮೂರು ಅಕ್ಷರವೇ ಆದಾಗ ಮರಕ್ಕಿಂತ ಹ್ಯಾಪ್ಲೋಟೈಪ್ ಜಾಲ (ಒಂದು ಬಗೆಯ ಸರಣಿ ಇನ್ನೊಂದರಿಂದ ಎಷ್ಟು ಅಕ್ಷರ ದೂರ ಅಂತ ತೋರಿಸುವ ಚಿತ್ರ) ಚೆನ್ನಾಗಿ ತೋರಿಸುತ್ತದೆ, ಪಾಪ್‌ಆರ್ಟ್‌ನಲ್ಲಿ ಐದು ನಿಮಿಷದ ಕೆಲಸ. ಪ್ರತಿ ಹ್ಯಾಪ್ಲೋಟೈಪ್‌ಗೆ ಅದು ಸಿಕ್ಕ ಆಳದ ಪ್ರಕಾರ ಬಣ್ಣ ಹಚ್ಚಿ ನೋಡಿ. ಬಿಸ್ಕಾಯಾ ಮತ್ತು ಬಿ3 ಥರದ ಜೋಡಿಗಳಲ್ಲಿ ಬಣ್ಣಗಳೇ ಅರ್ಧ ಕಥೆ ಹೇಳುತ್ತವೆ.

ಹಂತ 7: ಮತ್ತೆ ಹವಳದ ಹತ್ತಿರ ಬನ್ನಿ

ಡಿಎನ್‌ಎ ಮಾಡುವವರು ಆಕಾರ ನೋಡುವುದಿಲ್ಲ, ಆಕಾರ ನೋಡುವವರು ಡಿಎನ್‌ಎ ನಂಬುವುದಿಲ್ಲ. ಈ ಜಗಳದಲ್ಲಿ ಸೇರಬೇಡಿ, ಎರಡೂ ಮಾಡಿ. ಆಕ್ಟೋಕೋರಲ್ ಮೈಯೊಳಗೆ ಸ್ಕ್ಲೆರೈಟ್ ಎಂಬ ಸುಣ್ಣದ ಕಣಗಳಿರುತ್ತವೆ, ಪ್ರಭೇದಗಳ ಮೂಲ ವರ್ಣನೆಗಳು ನಿಂತಿರುವುದು ಅವುಗಳ ಆಕಾರದ ಮೇಲೆ. ಗಾಜಿನ ಪಟ್ಟಿಯ ಮೇಲೆ ಒಂದು ಪಾಲಿಪ್ ಇಟ್ಟು, ಬಟ್ಟೆಗೆ ಹಾಕುವ ಬ್ಲೀಚ್‌ನ ಒಂದು ಹನಿ ಬಿಡಿ. ಗುಳ್ಳೆ ಏಳುತ್ತವೆ, ಮಾಂಸ ಕರಗುತ್ತದೆ, ಸ್ವಲ್ಪ ಹೊತ್ತಿಗೆ ಕಣಗಳು ಸಣ್ಣ ರವೆಯಂತೆ ತಳ ಸೇರುತ್ತವೆ. ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಗೆ ಎಥನಾಲ್‌ನಲ್ಲಿ ತೊಳೆದು ಒಣಗಿಸಿ. ಪ್ಯಾರಾಮ್ಯೂರಿಸಿಯಾದಲ್ಲಿ ನೀವು ಹುಡುಕಬೇಕಾದ್ದು ಪಾಲಿಪ್ ಕೂತಿರುವ ಬಟ್ಟಲಿನ ಗೋಡೆಯ ಕಣಗಳನ್ನು: ಕೆಳಗೆ ಬೇರು ಬಿಟ್ಟ ಹಾಗೆ ಕವಲೊಡೆದ ತಳ, ಮೇಲೆ ಹೊರಕ್ಕೆ ಚಾಚಿದ ಚೂಪು ಮುಳ್ಳು. ಆ ಮುಳ್ಳಿನ ಉದ್ದ, ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಮೂಲ ವರ್ಣನೆಯ ಜೊತೆ ಹೋಲಿಸಿ.

ಡಿಎನ್‌ಎ, ಸ್ಕ್ಲೆರೈಟ್, ಆಳ ಮೂರೂ ಒಂದೇ ಕಡೆ ಕೈ ತೋರಿಸಿದರೆ ಹೆಸರು ಬರೆಯಿರಿ. ಡಿಎನ್‌ಎ ಒಂದೇ, ಆದರೆ ಕಣಗಳು ಬೇರೆ ಬೇರೆ ಅಂದರೆ ಒಂದೇ ಪ್ರಭೇದ ಅಂತ ಸಾರಬೇಡಿ. ನೀವು ಓದಿದ ಜೀನ್ ನಿಧಾನದ್ದು ಅನ್ನುವುದಷ್ಟೇ ಅಲ್ಲಿ ಗೊತ್ತಾದದ್ದು. ಕಣಗಳು ಒಂದೇ, ಡಿಎನ್‌ಎ ಬೇರೆ ಅಂದರೆ ಅಡಗಿರುವ ಹೊಸ ಪ್ರಭೇದ ಇರಬಹುದು, ಇನ್ನಷ್ಟು ಮಾದರಿ ಬೇಕು.

ಹಂತ 8: ಅಷ್ಟಕ್ಕೂ ಬಿಡಿಸಲಾಗದಿದ್ದರೆ

ಆಗ ಒಂದೆರಡು ಜೀನ್ ಬಿಟ್ಟು ಸಾವಿರಾರು ಜಾಗ ಓದಬೇಕು. ಎರಡು ದಾರಿ. ರ‍್ಯಾಡ್-ಸೀಕ್‌ನಲ್ಲಿ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ, ಕತ್ತರಿಸಿದ ಜಾಗಗಳ ಪಕ್ಕ ಮಾತ್ರ ಓದುತ್ತಾರೆ. ಪ್ಯಾರಾಗೋರ್ಜಿಯಾ, ಕ್ರೈಸೋಗೋರ್ಜಿಯಾ ಕುಲಗಳಲ್ಲಿ ಒಂದೆರಡು ಜೀನಿನ ಬಾರ್‌ಕೋಡ್ ಬಿಡಿಸಲಾಗದ ಗಂಟುಗಳನ್ನು ಇದು ಬಿಡಿಸಿದೆ. ಆದರೆ ಉದ್ದನೆಯ, ತಾಜಾ ಡಿಎನ್‌ಎ ಬೇಕು. ಎರಡನೆಯದು ಟಾರ್ಗೆಟ್ ಕ್ಯಾಪ್ಚರ್: ಬೇಕಾದ ಜಾಗಗಳಿಗೆ ಮಾತ್ರ ಅಂಟುವ ಗಾಳಗಳನ್ನು ಮಾಡಿಕೊಂಡು ಹಿಡಿಯುವುದು. ಹವಳದ ಇಡೀ ವರ್ಗಕ್ಕೆ ಕೆಲಸ ಮಾಡುವ ಗಾಳಗಳ ಗುಂಪು 2018ರಲ್ಲಿ ಪ್ರಕಟವಾಯಿತು. ಮ್ಯೂಸಿಯಂನ ಹಳೆಯ, ಡಿಎನ್‌ಎ ಚೂರುಚೂರಾದ ಮಾದರಿಗಳಿಗೂ ಇದು ಆಗುತ್ತದೆ, ಹೆಸರು ಕೊಟ್ಟ ಮೂಲ ಮಾದರಿಯನ್ನೇ ಓದುವ ಆಸೆ ಇದ್ದರೆ ಇದನ್ನೇ ಆರಿಸಿ. ಬಜೆಟ್ ಕಡಿಮೆ ಇದ್ದರೆ ಜೀನೋಮ್ ಸ್ಕಿಮ್ಮಿಂಗ್ (ಇಡೀ ಡಿಎನ್‌ಎಯನ್ನು ಮೇಲುಮೇಲೆ ಓದುವುದು) ಮಾಡಿ ಇಡೀ ಮೈಟೋಕಾಂಡ್ರಿಯಾ ಜೋಡಿಸಬಹುದು, ಅದರ ಜೊತೆ 28ಎಸ್ ಪುಕ್ಕಟೆ ಬರುತ್ತದೆ.

ಕಡಲ ನೀರನ್ನೇ ಸೋಸಿ ಅದರಲ್ಲಿ ತೇಲುವ ಡಿಎನ್‌ಎಯಿಂದ ಹವಳ ಗುರುತಿಸುವ ಕೆಲಸವೂ ನಡೆಯುತ್ತಿದೆ. ಸುತ್ತಮುತ್ತ ಯಾವ ಗುಂಪು ಇದೆ ಅಂತ ತಿಳಿಯಲು ಒಳ್ಳೆಯದು, ಹೋಲಿಸಲು ಸರಿಯಾದ ದಾಖಲೆ ಇದ್ದಷ್ಟು ಮಾತ್ರ ಹೆಸರು ಸಿಗುತ್ತದೆ.

ಹಂತ 9: ಹೆಸರು ಬರೆಯುವುದು, ಸಲ್ಲಿಸುವುದು

ದತ್ತಾಂಶ ಎಷ್ಟು ಹೇಳುತ್ತದೋ ಅಷ್ಟೇ ಬರೆಯಿರಿ. ಕುಲ ಮಾತ್ರ ಖಚಿತ ಅಂದರೆ ಪ್ಯಾರಾಮ್ಯೂರಿಸಿಯಾ ಎಸ್‌ಪಿ. (ಪ್ರಭೇದ ಗೊತ್ತಿಲ್ಲ) ಅಂತ ಬರೆದು ಪಕ್ಕದಲ್ಲಿ ಹ್ಯಾಪ್ಲೋಟೈಪ್ ಸಂಕೇತ ಹಾಕಿ. ಬಿಸ್ಕಾಯಾಗೆ ಹತ್ತಿರ, ಆದರೆ ಅನುಮಾನ ಇದೆ ಅಂದರೆ ನಡುವೆ ಸಿಎಫ್. (ಹೋಲಿಸಿ ನೋಡಿ) ಸೇರಿಸಿ. ಬಿ3 ಅಂತ ಸಂಕೇತದಲ್ಲೇ ಉಳಿಸಿದ್ದರಿಂದಲೇ ಆ ಹವಳದ ಬಗ್ಗೆ ಬಂದ ಲೇಖನಗಳನ್ನು ಇವತ್ತೂ ಗೊಂದಲವಿಲ್ಲದೆ ಓದಬಹುದು.

ಉಳಿದ ಮಾದರಿಯನ್ನು ಮ್ಯೂಸಿಯಂಗೆ ಕೊಟ್ಟು ಸಂಖ್ಯೆ ತೆಗೆದುಕೊಳ್ಳಿ, ಆಮೇಲೆ ಜೀನ್‌ಬ್ಯಾಂಕ್‌ಗೆ ಸಲ್ಲಿಸಿ. ಆಳ, ಅಕ್ಷಾಂಶ, ರೇಖಾಂಶ, ಮಾದರಿ ಸಂಖ್ಯೆಯ ಖಾನೆಗಳನ್ನು ಖಾಲಿ ಬಿಡಬೇಡಿ. ಅಲ್ಲಿನ ದಾಖಲೆಯ ಹೆಸರನ್ನು ಆಮೇಲೆ ತಿದ್ದಿಸಬಹುದು, ಆದರೆ ಸಲ್ಲಿಸಿದವರೇ ಕೇಳಬೇಕು. ಹಾಗಾಗಿ ಖಾತೆಯನ್ನು ಪಿಎಚ್‌ಡಿ ಮುಗಿಸಿ ಹೊರಡುವ ವಿದ್ಯಾರ್ಥಿಯ ಸ್ವಂತ ಮಿಂಚಂಚೆಯಲ್ಲಿ ತೆರೆಯಬೇಡಿ, ಪ್ರಯೋಗಾಲಯದ ಹೆಸರಿನಲ್ಲಿ ತೆರೆದು ಗುಪ್ತಪದವನ್ನು ಇನ್ನೊಬ್ಬರಿಗೂ ಕೊಟ್ಟಿರಿ.